ಹಾಡುಹಗಲಿನ ಹೆಡ್‌ಲೈಟು

ಮಳೆ ಸುರಿಯುವ ಮಧ್ಯಾಹ್ನ ಹುಣಸೂರಿನಿಂದ ಕೆ.ಆರ್. ನಗರದ ಕಡೆಗೆ ಕಾರಿನ ಹೆಡ್‌ಲೈಟು ಹಾಕಿಕೊಂಡು ಹೊರಟು ನೋಡಿ; ಎದುರಿಗೆ ಬೈಕಿನಲ್ಲಿ ಬರುವ ಪ್ರತಿಯೊಬ್ಬ ಸಜ್ಜನನೂ ಒಂದು ಕೈಯನ್ನು ಹ್ಯಾಂಡಲಿನಿಂದ ಬಿಡಿಸಿ, ಅದರ ಐದೂ ಬೆರಳುಗಳನ್ನು ಮೊಗ್ಗಿನಂತೆ ಕೂಡಿಸಿ, ಅರಳಿಸಿ, ಮತ್ತೆ ಕೂಡಿಸಿ, ಮತ್ತೆ ಅರಳಿಸಿ ನಿಮಗೆ ತೋರಿಸುತ್ತಾನೆ. ನಿಮ್ಮ ದೀಪ ಉರಿಯುತ್ತಿದೆ, ಮರೆತಿದ್ದೀರಿ, ಆರಿಸಿಕೊಳ್ಳಿ ಎಂದು ಅದರ ಅರ್ಥ. ನಾಟ್ಯದ ಪಂಡಿತರು ಈ ಹಸ್ತಮುದ್ರೆಗೆ ಇನ್ನೂ ಹೆಸರಿಟ್ಟಂತಿಲ್ಲ, ಆದರೆ ಮೈಸೂರು ಸೀಮೆಯ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಇದನ್ನು ಅರಿಯದ ಮನುಷ್ಯನಿಲ್ಲ. ರಸ್ತೆ ಜಾರುತ್ತಿರುತ್ತದೆ, ಮಳೆ ಅವನ ಕಣ್ಣಿಗೆ ರಾಚುತ್ತಿರುತ್ತದೆ, ಹಿಂದೆ ಹೆಂಡತಿ ಒಂದು ಕೈಯಲ್ಲಿ ಕೊಡೆಯನ್ನೂ ಇನ್ನೊಂದರಲ್ಲಿ ಮಗುವನ್ನೂ ಹಿಡಿದಿರುತ್ತಾಳೆ. ಇಷ್ಟರ ನಡುವೆ ಯಾರೋ ಅಪರಿಚಿತನ ಬ್ಯಾಟರಿ ಇಳಿದುಹೋದೀತೆಂಬ ಚಿಂತೆಯಿಂದ ಒಂಟಿ ಕೈಯಲ್ಲಿ ಗಾಡಿ ಸಂಭಾಳಿಸುವ ಈ ಪರೋಪಕಾರಿಯನ್ನು ನೋಡಿದಾಗ ನನಗೆ ಕೋಪವೂ ಬರುತ್ತದೆ, ಕರೆದು ಒಂದು ಕಾಫಿ ಕುಡಿಸೋಣವೆಂದೂ ಅನಿಸುತ್ತದೆ. ತಮಾಷೆಯೆಂದರೆ ಈಗಿನ ಬೈಕುಗಳಲ್ಲಿ ದೀಪ ತಾನೇ ತಾನಾಗಿ ಉರಿಯುತ್ತದೆ, ಆರಿಸುವ ಸ್ವಿಚ್ಚನ್ನೇ ಕಂಪನಿಯವರು ಇಟ್ಟಿಲ್ಲ. ಆತ ತನ್ನ ಉರಿಯುವ ದೀಪದ ಹಿಂದೆ ಕೂತು ನನ್ನ ದೀಪದ ಬಗ್ಗೆ ಮರುಗುತ್ತಿರುತ್ತಾನೆ.

ನನ್ನದು ದಾಕ್ಷಿಣ್ಯದ ಪ್ರಾಣ. ಯಾರಾದರೂ ಹಿತ ಹೇಳಿದರೆ ತಕ್ಷಣ ಪಾಲಿಸಿ, ಅವರು ಮರೆಯಾದ ಮೇಲೆ ನನ್ನ ಪಾಡಿಗೆ ನಾನಿರುವುದು ಹುಟ್ಟುಗುಣ. ಆದ್ದರಿಂದ ಬೆರಳು ಅರಳಿದ ಕೂಡಲೇ ನನ್ನ ಬಲಗೈ ಸ್ಟೀರಿಂಗಿನ ಪಕ್ಕದ ಸ್ವಿಚ್ಚಿಗೆ ಹೋಗಿ ದೀಪ ಆರಿಸುತ್ತದೆ. ಆತ ದಾಟಿಹೋದ ಕೂಡಲೇ ಹಾಕುತ್ತದೆ. ಇನ್ನೊಬ್ಬ ಬಂದ, ಆರಿಸುತ್ತದೆ. ಕೆ.ಆರ್. ನಗರ ಮುಟ್ಟುವ ಹೊತ್ತಿಗೆ ಕಾಲೇಜಿನಲ್ಲಿ ಪಾಠ ಮಾಡುವ ಶಕ್ತಿಯೆಲ್ಲ ಆ ಸ್ವಿಚ್ಚಿಗೇ ಸಂದಾಯವಾಗಿರುತ್ತದೆ. ಪಿರಿಯಾಪಟ್ಟಣದ ಮಗಳಾದ ನನ್ನ ಹೆಂಡತಿ ಒಮ್ಮೆ ಪಕ್ಕದಲ್ಲಿ ಕೂತು ಇದನ್ನೆಲ್ಲ ನೋಡಿ, "ಅಲ್ಲ ಕಣ್ರೀ, ನೀವಿಂಗೆ ಹಾಕಿ ಆರ್ಸಿ ಮಾಡ್ತಾ ಇದ್ರೆ ಎದ್ರಿಗ್ ಬರೋರು ಈ ವಯ್ಯ ಕಣ್ಣು ಹೊಡೀತಾ ಅವ್ನೆ ಅಂದ್ಕೋತಾರೆ" ಎಂದಳು. ಅವಳ ಮಾತಿನಲ್ಲಿ ಸತ್ಯವಿತ್ತು. ಅಂದಿನಿಂದ ಎದುರಿಗೆ ಹೆಂಗಸರ ಸ್ಕೂಟರು ಬಂದರೆ ಕೈಯನ್ನು ಬಿಗಿಹಿಡಿದುಕೊಂಡಿರುತ್ತೇನೆ.

ಸ್ವಿಚ್ಚಿನ ತಪ್ಪೇನೂ ಇಲ್ಲ, ತಪ್ಪೆಲ್ಲ ನನ್ನ ಪ್ರಕೃತಿಯದು. ನಾನು ಕೂತಲ್ಲಿ ಕೂರಲಾರದ, ನಿಂತಲ್ಲಿ ನಿಲ್ಲಲಾರದ ಮನುಷ್ಯ. ಪಾಠ ಮಾಡುವಾಗ ವೇದಿಕೆಯ ಈ ತುದಿಯಿಂದ ಆ ತುದಿಗೆ ಎಡತಾಕುತ್ತಿರುತ್ತೇನೆ. ಮಕ್ಕಳು ಪದ್ಯ ಕಲಿತರೋ ಇಲ್ಲವೋ, ಅವರ ಕತ್ತಿಗಂತೂ ಒಳ್ಳೆಯ ವ್ಯಾಯಾಮವಾಗುತ್ತದೆ. ಬಾಗಿಲಿಗೆ ಬೀಗ ಹಾಕಿದ ಮೇಲೆ ಜಗ್ಗಿ ನೋಡುತ್ತೇನೆ, ಗೇಟಿನ ತನಕ ಹೋಗಿ ಬಂದು ಮತ್ತೆ ಜಗ್ಗುತ್ತೇನೆ. ಇಂಥವನಿಗೆ ಒಂದು ಸಿದ್ಧಾಂತ ಸಿಕ್ಕಿಬಿಟ್ಟರೆ ಲೋಕಕ್ಕೆ ಅಪಾಯ. ನನಗೆ ಸಿಕ್ಕಿದ್ದು ಮಳೆಯಲ್ಲಿ ಹೆಡ್‌ಲೈಟು ಹಾಕಬೇಕೆಂಬ ಸಿದ್ಧಾಂತ.

ಅದು ಸಿಕ್ಕ ಬಗೆಯನ್ನೂ ಹೇಳಿಬಿಡುತ್ತೇನೆ. ಒಂದು ಆಷಾಢದಲ್ಲಿ ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆ ಹೋಗುತ್ತಿದ್ದೆ. ಮುಂದೆ ತಂಬಾಕಿನ ಎಲೆ ಒಣಗಿಸಿ ಹದಮಾಡುವ ಬ್ಯಾರನ್ ಮನೆಗೆ ಸೌದೆ ಹೇರಿಕೊಂಡ ಟ್ರ್ಯಾಕ್ಟರೊಂದು ಗರ್ಭಿಣಿಯ ನಡಿಗೆಯಲ್ಲಿ ಸಾಗುತ್ತಿತ್ತು. ಎದುರಿನ ರಸ್ತೆ ಖಾಲಿ, ಬರೀ ಮಳೆ. ಸರಿ, ಮುಂದೆ ಹೋಗೋಣವೆಂದು ಬಲಕ್ಕೆ ತಿರುಗಿಸಿದೆ ನೋಡಿ, ಆ ಬರೀ ಮಳೆಯ ಒಳಗಿನಿಂದ ಮಳೆಯದೇ ಬಣ್ಣದ ಒಂದು ವ್ಯಾನು ಹುಟ್ಟಿಬಂತು. ಅದು ಆವರೆಗೆ ಎಲ್ಲಿತ್ತೋ ನನಗಿಂದಿಗೂ ತಿಳಿಯದು. ಮತ್ತೆ ಟ್ರ್ಯಾಕ್ಟರಿನ ಹಿಂದೆ ಬಂದು ಸೇರಿಕೊಂಡಾಗ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಮಳೆ ಬಿದ್ದದ್ದು ಹೊರಗೆ, ನೆನೆದದ್ದು ಒಳಗೆ. ಮಳೆಗೆ ಬಣ್ಣವಿಲ್ಲವೆಂದು ನಾವು ತಿಳಿದಿದ್ದೇವೆ, ಅದು ಸುಳ್ಳು. ಅದಕ್ಕೊಂದು ಬೂದುಬಣ್ಣವಿದೆ, ಮತ್ತು ಬೆಳ್ಳಿಬಣ್ಣದ ಕಾರು, ಹಳೆಯ ಟಾರ್ಪಾಲು, ಕಂಬಳಿ ಹೊದ್ದ ರೈತ, ಎಮ್ಮೆ, ಇವೆಲ್ಲ ಆ ಬಣ್ಣದಲ್ಲಿ ಸಕ್ಕರೆಯ ಹಾಗೆ ಕರಗಿಹೋಗುತ್ತವೆ. ಆವತ್ತು ನನಗೆ ಹೊಳೆಯಿತು: ಹೆಡ್‌ಲೈಟಿರುವುದು ನಾನು ನೋಡುವುದಕ್ಕೆ ಮಾತ್ರವಲ್ಲ, ನನ್ನನ್ನು ಇನ್ನೊಬ್ಬರು ನೋಡುವುದಕ್ಕೂ. ವಾಹನ ತಯಾರಿಸುವವರಿಗೆ ಇದು ಎಂದಿನಿಂದಲೋ ತಿಳಿದಿತ್ತಂತೆ. ಆದರೂ ನಾನೇ ಕಂಡುಹಿಡಿದವನ ಗತ್ತಿನಲ್ಲಿ ಊರಿಗೆಲ್ಲ ಹೇಳಿಕೊಂಡು ತಿರುಗಿದೆ.

ಮಳೆಯಲ್ಲಿ ಕರಗದವರೆಂದರೆ ಕೊಪ್ಪದ ಸುತ್ತಿನ ಟಿಬೆಟಿನ ಭಿಕ್ಷುಗಳು ಮಾತ್ರ. ಬೈಲುಕುಪ್ಪೆಯ ಪಕ್ಕದ ಆ ಪೇಟೆಯಲ್ಲಿ ಎಂಥ ಜಡಿಮಳೆಯಲ್ಲೂ ಅವರ ಕೆಂಪು ವಸ್ತ್ರ ಫರ್ಲಾಂಗು ದೂರಕ್ಕೆ ಕಾಣುತ್ತದೆ. ಲೋಕವನ್ನೇ ಬಿಟ್ಟವರು ಲೋಕಕ್ಕೆ ಅಷ್ಟು ಸ್ಪಷ್ಟವಾಗಿ ಕಾಣಿಸಿಕೊಳ್ಳುತ್ತಾರೆ, ಲೋಕಕ್ಕೇ ಅಂಟಿಕೊಂಡ ನಾವು ಕರಿಕಂಬಳಿ ಹೊದ್ದು ಅಡಗಿಕೊಂಡು ಓಡಾಡುತ್ತೇವೆ. ಕಾಲೇಜಿನ ಸಹೋದ್ಯೋಗಿಗಳಿಗೆ ಇದನ್ನು ಹೇಳಿದರೆ, ಹಾಗಾದರೆ ನೀವೂ ಕೆಂಪು ಬಟ್ಟೆ ಹಾಕಿಕೊಳ್ಳಿ, ಬ್ಯಾಟರಿಯೂ ಉಳಿಯುತ್ತದೆ ಎಂದರು.

ಬ್ಯಾಟರಿಯ ಮೇಲೆ ನಮ್ಮವರಿಗೆ ಈ ಪರಿ ಮಮತೆ ಎಲ್ಲಿಂದ ಬಂತೆಂದು ಯೋಚಿಸಿದ್ದೇನೆ. ನನ್ನ ಸೋದರಮಾವ ನಿಂಗಪ್ಪನವರ ಸೈಕಲ್ಲಿನಿಂದ ಬಂತು ಎನ್ನುವುದು ನನ್ನ ಅಂಬೋಣ. ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿಯ ಹತ್ತಿರ, ಕಬಿನಿ ನಾಲೆಯ ಮಗ್ಗುಲಿನ ಊರು ಅವರದು. ಬೇಸಿಗೆ ರಜೆಗೆ ಹೋದರೆ ಬಸ್ಸಿಳಿದಲ್ಲಿಂದ ಊರಿಗೆ ನನ್ನನ್ನು ಸೈಕಲ್ಲಿನ ಬಾರಿನ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಚಕ್ರಕ್ಕೆ ತಾಗಿ ತಿರುಗುವ ಡೈನಮೋ ಇತ್ತು ಅದಕ್ಕೆ. ಕತ್ತಲಾಗಿ ಡೈನಮೋ ಒತ್ತಿದರೆ ದೀಪವೇನೋ ಹೊತ್ತುತ್ತಿತ್ತು, ಆದರೆ ತುಳಿಯುವುದು ಭಾರವಾಗುತ್ತಿತ್ತು. ಏರು ಬಂದರೆ ಮಾವ ಅದನ್ನು ಬಿಡಿಸಿ, "ಕಾಣ್ತದೆ ಬುಡು" ಎಂದು ಕತ್ತಲಲ್ಲೇ ತುಳಿಯುತ್ತಿದ್ದರು. ಬೆಳಕೆಂಬುದು ಸ್ವಂತ ಮೀನಖಂಡದಿಂದ ಹುಟ್ಟುವ ಪದಾರ್ಥವೆಂದು ಅನುಭವದಿಂದ ಬಲ್ಲವರು ಅವರು. ಅಂಥವರ ಮಕ್ಕಳು ಮೊಮ್ಮಕ್ಕಳು ಕಾರಿನ ದೀಪ ಹಗಲಲ್ಲಿ ಉರಿಯುವುದನ್ನು ಕಂಡರೆ ಹೊಟ್ಟೆ ಉರಿಸಿಕೊಳ್ಳುವುದು ಸಹಜವೇ.

ನಾನು ಹೇಳಹೊರಟದ್ದು ಈ ಮಾವನ ವಿಷಯವನ್ನೇ. ಕಳೆದ ಮಳೆಗಾಲದಲ್ಲಿ ಅವರಿಗೆ ನಿಮೋನಿಯಾ ಆಗಿ ಮೈಸೂರಿನ ಆಸ್ಪತ್ರೆಗೆ ಸೇರಿಸಿದ್ದರು. ನಡುವೆ ಒಂದು ದಿನ ಉಸಿರಾಟ ತೀರಾ ಕೆಟ್ಟು, ನೋಡಲು ಬಂದಿದ್ದ ಊರಿನವರೊಬ್ಬರು ಹಿಂದಿರುಗಿ, ನಿಂಗಪ್ಪಣ್ಣ ಉಳಿಯೋದು ಅನುಮಾನ ಎಂದು ಟೀ ಅಂಗಡಿಯಲ್ಲಿ ಹೇಳಿದರಂತೆ. ಟೀ ಅಂಗಡಿಯಿಂದ ನಮ್ಮತ್ತೆ ಸಾಕಮ್ಮನ ಜಗಲಿಗೆ ಆ ಸುದ್ದಿ ಬರುವಷ್ಟರಲ್ಲಿ ಅನುಮಾನ ದಾರಿಯಲ್ಲೆಲ್ಲೋ ಉದುರಿಹೋಗಿತ್ತು. ಮಗ ಫೋನು ಮಾಡಿ, ಇಲ್ಲವ್ವ, ಅಪ್ಪ ಚೆನ್ನಾಗವ್ನೆ ಎಂದು ಎಷ್ಟು ಹೇಳಿದರೂ ಅತ್ತೆ ನಂಬಲಿಲ್ಲ. ಅಷ್ಟು ದೂರದಿಂದ ಫೋನಿನಲ್ಲಿ ಬರುವ ಸಮಾಧಾನದ ಮಾತನ್ನು ಯಾರು ತಾನೇ ನಂಬುತ್ತಾರೆ. ಮಂಡಿನೋವಿನಿಂದ ಮೈಸೂರಿನ ತನಕ ಬಂದು ನೋಡುವುದೂ ಆಕೆಗೆ ಆಗಿರಲಿಲ್ಲ.

ಮಾವ ಚೇತರಿಸಿಕೊಂಡರು. ಮನೆಗೆ ಕಳಿಸುತ್ತೇವೆಂದು ಡಾಕ್ಟರು ಹೇಳಿದ ದಿನ ಮಗನಿಗೆ ರಜೆ ಸಿಗಲಿಲ್ಲ. ಅವನು ರೆಸಾರ್ಟಿನಲ್ಲಿ ಜೀಪು ಓಡಿಸುವವನು, ಕಾಡಿನೊಳಗೆ ಹೋದರೆ ಫೋನಿಗೂ ಸಿಗುವುದಿಲ್ಲ. ಎಲ್ಲಿಗಾದರೂ ಹೋಗಲು ನೆಪ ಹುಡುಕುತ್ತಲೇ ಇರುವ ನಾನು, ನಾನು ಕರೆತರುತ್ತೇನೆ ಬಿಡು ಎಂದು ಕಾರು ತೆಗೆದೆ; ಅತ್ತೆಗೆ ಆ ಸುದ್ದಿಯನ್ನು ಮಗ ಕಾಡಿಗೆ ಹೊರಡುವ ಮುಂಚೆಯೇ ಹೇಳಿದ್ದ. ಹಿಂದಿನ ಸೀಟಿನಲ್ಲಿ ದಿಂಬಿಟ್ಟು ಮಾವನನ್ನು ಮಲಗಿಸಿ, ಕತ್ತಿನ ತನಕ ಶಾಲು ಹೊದಿಸಿ ಹೊರಟಾಗ ಆಕಾಶ ಕಪ್ಪಗಾಗಿತ್ತು. ಮೈಸೂರು ದಾಟುತ್ತಲೇ ಹನಿಯಿತು, ಇನ್ನೊಂದು ಗಳಿಗೆಯಲ್ಲಿ ಸುರಿಯಿತು. ನಾನು ಸಿದ್ಧಾಂತದ ಪ್ರಕಾರ ಹೆಡ್‌ಲೈಟು ಹಾಕಿದೆ.

"ಯಾಕ್ಲಾ ಲೈಟ್ ಹಾಕ್ದೆ?" ಎಂದಿತು ಹಿಂದಿನ ಸೀಟು. ಮಲಗಿದ್ದವರಿಗೆ ಅದು ಹೇಗೆ ಗೊತ್ತಾಯಿತೋ, ಬಹುಶಃ ಸ್ವಿಚ್ಚಿನ ಸದ್ದು ಕೇಳಿರಬೇಕು. ನಾನು ನನ್ನ ಸಿದ್ಧಾಂತವನ್ನು ವಿವರಿಸಿದೆ. ಬೂದುಬಣ್ಣದ ವ್ಯಾನು, ಟ್ರ್ಯಾಕ್ಟರು, ಭಿಕ್ಷುಗಳ ವಸ್ತ್ರ, ಯಾವುದನ್ನೂ ಬಿಡಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡು ಮಾವ ಹೇಳಿದರು, "ಅದೆಲ್ಲ ಸರಿ ಕಣ್ಲಾ ಮಗ. ಮೊದ್ಲು ಆರ್ಸು. ಹಗಲೊತ್ತು ಲೈಟ್ ಹಾಕ್ಕಂಡು ಬತ್ತಾ ಇದ್ರೆ ನೋಡ್ದೋರು ಏನಂದ್ಕಂಡಾರು."

ನೋಡಿದವರು ಏನಂದುಕೊಳ್ಳುತ್ತಾರೆಂದು ಆ ಸೀಮೆಯಲ್ಲಿ ಬೆಳೆಯದವರಿಗೆ ಹೇಳಬೇಕಾಗುತ್ತದೆ. ಎಚ್.ಡಿ. ಕೋಟೆಯ ಕಡೆಯ ಹಳ್ಳಿಗಳಲ್ಲಿ ಹಗಲುಹೊತ್ತು ದೀಪ ಉರಿಸಿಕೊಂಡು ಬರುವ ಬೈಕು ಲೆಕ್ಕಕ್ಕಿಲ್ಲ, ಆದರೆ ಮೈಸೂರಿನ ದಿಕ್ಕಿನಿಂದ ದೀಪ ಉರಿಸಿಕೊಂಡು ಬರುವ ನಾಲ್ಕು ಚಕ್ರದ ಗಾಡಿಗೆ ಒಂದೇ ಅರ್ಥ: ಆಸ್ಪತ್ರೆಯಿಂದ ಹೆಣ ಬರುತ್ತಿದೆ. ಶವ ತರುವ ವ್ಯಾನಿನವರು ದಾರಿ ಬಿಡಲೆಂದು ದೀಪ ಹಾಕಿಕೊಳ್ಳುತ್ತಾರೆ; ವರ್ಷಗಟ್ಟಲೆ ಹಾಗೇ ನೋಡಿ ನೋಡಿ ಜನರ ಕಣ್ಣಿಗೆ ಆ ದೀಪವೇ ಸಾವಿನ ಗುರುತಾಗಿದೆ. ದೂರದಲ್ಲಿ ದೀಪ ಕಂಡರೆ ರಸ್ತೆಬದಿಯಲ್ಲಿ ಕೂತವರು ಎದ್ದು ನಿಲ್ಲುತ್ತಾರೆ, ತಲೆಯ ಟವಲು ತೆಗೆಯುತ್ತಾರೆ, ಗಾಡಿ ದಾಟಿದ ಮೇಲೆ ಯಾರದು, ಯಾವೂರಿಂದು ಎಂದು ವಿಚಾರಿಸುತ್ತಾರೆ. ಮಳೆಯಾಗಲಿ ಬಿಸಿಲಾಗಲಿ, ಈ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ನನಗಿದು ಗೊತ್ತಿರಲಿಲ್ಲವೇ? ಚಿಕ್ಕಂದಿನಿಂದ ಗೊತ್ತಿತ್ತು. ಆದರೆ ಸಿದ್ಧಾಂತಿಗಳಿಗೆ ಗೊತ್ತಿರುವುದು ಸಮಯಕ್ಕೆ ನೆನಪಾಗುವುದಿಲ್ಲ.

"ಮಾವ, ನೀವು ಬದುಕಿದ್ದೀರಲ್ಲ, ಯಾರೇನಂದುಕೊಂಡರೆ ಏನು? ಸುಮ್ಮನೆ ಮಲಗಿ" ಎಂದೆ. ಎದುರಿನಿಂದ ಬೆರಳುಗಳು ಅರಳುತ್ತಲೇ ಇದ್ದವು, ಅಂದು ನಾನು ಯಾರಿಗೂ ಬಗ್ಗಲಿಲ್ಲ. ದಾರಿಯ ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ಒಂದು ಅಂಗಡಿಯ ಸೂರಿನಡಿ ಕಾರು ನಿಲ್ಲಿಸಿ, ಬರುತ್ತಿದ್ದೇವೆಂದು ಹೇಳಲು ಅತ್ತೆಗೆ ಫೋನು ಮಾಡಿದೆ, ಹೋಗಲಿಲ್ಲ. ಮಳೆ ಜೋರಾದರೆ ಆ ಕಡೆಯ ಟವರಿನ ಕರೆಂಟು ಹೋಗುತ್ತದೆ. ಮತ್ತೆ ಮಾಡಿದೆ, ಮಗನಿಗೆ ಮಾಡಿದೆ, ಕಾರಿನಿಂದ ಇಳಿದು ಮಳೆಯಲ್ಲಿ ನಿಂತು ಮಾಡಿದೆ, ಫೋನನ್ನು ತಲೆಯ ಮೇಲೆತ್ತಿ ಹಿಡಿದು ಮಾಡಿದೆ. ಮಾವನಿಗೆ ಕುಡಿಯಲು ಬಿಸಿ ಹಾಲು ತಂದುಕೊಟ್ಟು, ಮತ್ತೊಮ್ಮೆ ಮಾಡಿದೆ. ಅಂಗಡಿಯವನಿಗೆ ನನ್ನ ಮೇಲೆ ಮರುಕ ಹುಟ್ಟಿ ತನ್ನ ಫೋನನ್ನೂ ಕೊಟ್ಟ. ಅದೂ ಹೋಗಲಿಲ್ಲ.

ಅಲ್ಲಿಂದ ಸ್ವಲ್ಪ ದೂರದಲ್ಲಿ ರಸ್ತೆಯ ಎಡಕ್ಕೆ ಒಂದು ಬಸ್ ತಂಗುದಾಣವಿದೆ. ಮಳೆಗೆ ಸಿಕ್ಕಿದ ನಾಲ್ಕಾರು ಗಂಡಸರು ಅದರೊಳಗೆ ಕುಕ್ಕರಗಾಲಿನಲ್ಲಿ ಕೂತಿದ್ದರು. ನಮ್ಮ ದೀಪ ಕಂಡದ್ದೇ ತಡ, ಒಬ್ಬರಾದ ಮೇಲೊಬ್ಬರು ಎದ್ದು ನಿಂತರು. ಮುಂದಿದ್ದ ಮುದುಕರು ತಲೆಗೆ ಸುತ್ತಿದ್ದ ಟವಲನ್ನು ಬಿಚ್ಚಿ ಕಂಕುಳಿಗೆ ಸಿಕ್ಕಿಸಿಕೊಂಡು ಎರಡೂ ಕೈ ಜೋಡಿಸಿದರು. ಮುಂದಿನ ಉಬ್ಬಿಗೆ ನಾನು ಗಾಡಿ ನಿಧಾನ ಮಾಡಿದ್ದರಿಂದ ಅವರ ಮುಖಗಳೆಲ್ಲ ಸ್ಪಷ್ಟವಾಗಿ ಕಂಡವು. ತುಂಬ ಒಳ್ಳೆಯ, ಗಂಭೀರವಾದ ಮುಖಗಳು. ಕನ್ನಡಿಯಲ್ಲಿ ನೋಡಿದರೆ ಮಾವ ಮೊಣಕೈ ಊರಿ ತಲೆಯೆತ್ತಿ ಕಿಟಕಿಯಿಂದ ಅವರನ್ನೇ ನೋಡುತ್ತಿದ್ದರು.

"ನಂಗೇ ಕಣ್ಲಾ ಕೈ ಮುಗುದ್ರು" ಎಂದರು ಮತ್ತೆ ದಿಂಬಿಗೆ ಒರಗುತ್ತ.

ನನಗೆ ನಗು ಬಂತು. ಬದುಕಿ ಮನೆಗೆ ಹೊರಟ ಮನುಷ್ಯ ತನಗೆ ಸಲ್ಲುವ ಕೊನೆಯ ಮರ್ಯಾದೆಯನ್ನು ಕಣ್ಣಾರೆ ನೋಡಿದ್ದನ್ನು ಏನೆಂದು ಕರೆಯಬೇಕು? ಏನಾದರೂ ತಮಾಷೆ ಮಾಡೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಮಾವ, "ಇವ್ರು ಮುಗುದ್ರೆ ಮುಗೀಲಿ ಬುಡು. ನಿಮ್ಮತ್ತೆ ಜಗಲಿ ಮ್ಯಾಲೇ ಕುಂತಿರ್ತಾಳೆ. ಅಲ್ಲಿಂದ ನಾಲೆ ಏರಿ ಪೂರಾ ಕಾಣ್ತದೆ. ಏರಿ ಮ್ಯಾಲೆ ಲೈಟ್ ಕಂಡೇಟ್ಗೆ ಅವಳ್ ಜೀವ ನಿಲ್ತದೇನ್ಲಾ" ಎಂದರು.

ಅಲ್ಲಿಯ ತನಕ ನನ್ನ ಬಳಿ ಇದ್ದ ವಾದಗಳೆಲ್ಲ ರಸ್ತೆಯ ಮೇಲಿನವರಿಗೆ ಸಂಬಂಧಿಸಿದವು. ಜಗಲಿಯ ಮೇಲೆ ಕಾಯುವವರ ಲೆಕ್ಕವನ್ನು ನನ್ನ ಸಿದ್ಧಾಂತ ಮಾಡಿರಲಿಲ್ಲ. ಮಳೆ ಕಡಿಮೆಯಾಗಲೆಂದು ಹಾರೈಸಿದೆ, ಅದು ಹೆಚ್ಚಿತು. ವೈಪರು ಒರೆಸಿ ಮುಗಿಸುವ ಮೊದಲೇ ಮಳೆ ಗಾಜನ್ನು ಮುಚ್ಚುತ್ತಿತ್ತು. ದೀಪ ಆರಿಸಿದೆ, ಎದುರಿನಿಂದ ಕೇರಳದ ಲಾರಿಯೊಂದು ಹಾರನ್ನು ಒತ್ತಿಕೊಂಡೇ ದಾಟಿಹೋಯಿತು, ಹಾಕಿದೆ. ಮಾವ ಕೆಮ್ಮಿದರು; ಆರಿಸಿದೆ. ಕಂಬಳಿ ಹೊದ್ದ ಯಾರೋ ಎಮ್ಮೆ ಹೊಡೆದುಕೊಂಡು ದಿಢೀರನೆ ಪ್ರತ್ಯಕ್ಷರಾದರು, ಹಾಕಿದೆ. ಊರು ಬೇಗ ಬರಲಿ ಎಂದೂ ಅನಿಸುತ್ತಿತ್ತು, ಬಾರದೇ ಇರಲಿ ಎಂದೂ ಅನಿಸುತ್ತಿತ್ತು.

ಕೊನೆಗೆ ದೊಡ್ಡ ರಸ್ತೆ ಬಿಟ್ಟು ನಾಲೆಯ ಏರಿಗೆ ತಿರುಗಿದಾಗ ನಾನು ಸೋತೆ. ಏರಿಯ ಮೇಲೆ ಗಾಡಿಗಳ ಓಡಾಟ ಕಡಿಮೆ, ನಡಿಗೆಯ ವೇಗದಲ್ಲಿ ಹೋದರಾಯಿತು ಎಂದು ನನಗೆ ನಾನೇ ಹೇಳಿಕೊಂಡು ದೀಪ ಆರಿಸಿದೆ. ಹಿಂದಿನಿಂದ ಮಾವನ ಉಸಿರು ಸಡಿಲಾದದ್ದು ಕೇಳಿಸಿತು. ಒಂದು ಬದಿಗೆ ತುಂಬಿ ಹರಿಯುವ ನಾಲೆ, ಇನ್ನೊಂದು ಬದಿಗೆ ಗದ್ದೆ, ಮೇಲೆ ಮಳೆಗೆ ಬಾಗಿದ ಮರಗಳ ಸಾಲು. ನಾಲ್ಕು ಗಂಟೆಯ ಹಗಲು ಸಂಜೆಯಂತೆ ಮಂಕಾಗಿತ್ತು. ಗಾಜಿಗೆ ಮೂಗು ತಾಗುವಷ್ಟು ಮುಂದಕ್ಕೆ ಬಾಗಿ ಕೂತು ಓಡಿಸುತ್ತಿದ್ದೆ.

ಮರದ ಬುಡವೊಂದು ಅಲ್ಲಾಡಿದ ಹಾಗಾಯಿತು. ಅದು ಮರದ ಬುಡವಲ್ಲ, ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯ ಮೇಲಿಂದ ಹೊದ್ದ ಮನುಷ್ಯರು ಎಂದು ತಿಳಿಯುವ ಹೊತ್ತಿಗೆ ಅವರು ರಸ್ತೆಯ ನಡುವಿಗೇ ಬಂದು, ಬಸ್ಸು ನಿಲ್ಲಿಸುವವರ ಹಾಗೆ ಎರಡೂ ಕೈ ಅಗಲಿಸಿ ನಿಂತಿದ್ದರು. ಬ್ರೇಕನ್ನು ತುಳಿದೆ. ಕಾರು ನಿಲ್ಲಲಿಲ್ಲ, ಕೆಸರಿನ ಮೇಲೆ ತನ್ನ ಪಾಡಿಗೆ ತಾನು ಜಾರಿತು. ಆ ಜಾರಾಟ ಎಷ್ಟು ಉದ್ದವಿತ್ತೆಂದರೆ ಅದರಲ್ಲಿ ನಾನು ದೇವರನ್ನು ನೆನೆದೆ, ನನ್ನ ಸಿದ್ಧಾಂತವನ್ನು ನೆನೆದೆ, ಸ್ವಿಚ್ಚು ಎಲ್ಲಿದೆಯೆಂಬುದನ್ನು ಮಾತ್ರ ಮರೆತೆ. ನಿಂತಾಗ ಆ ಅಗಲಿಸಿದ ಕೈಗಳು ಬಾನೆಟ್ಟಿನ ಮೇಲಿದ್ದವು. ಕಂಬಳಿಯ ಒಳಗಿನಿಂದ ನಮ್ಮತ್ತೆಯ ಮುಖ ನನ್ನನ್ನು ನೋಡುತ್ತಿತ್ತು.

ನಾನು ಇಳಿಯಲು ಬಾಗಿಲು ತೆಗೆದೆ. ಅತ್ತೆ ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಮಂಡಿ ಎಳೆಯುತ್ತ ಹಿಂದಿನ ಬಾಗಿಲಿಗೆ ಹೋಗಿ, ತೆಗೆದು, ಒದ್ದೆ ಕೈಯನ್ನು ಒಳಗೆ ಚಾಚಿ ಮಾವನ ಹಣೆ ಮುಟ್ಟಿದರು, ಕೆನ್ನೆ ಮುಟ್ಟಿದರು, ಎದೆಯ ಮೇಲೆ ಅಂಗೈ ಊರಿ ಹಾಗೇ ನಿಂತರು. ಮಾವ ಗದರಿದರು. "ನಾನು ಬದುಕ್ಕಂಡು ಬತ್ತಾ ಇದ್ರೆ ನೀನು ಸಾಯಕ್ ನಿಂತಿದ್ದೀಯಲ್ಲೇ."

"ಅತ್ತೆ, ಗಾಡಿ ಬರ್ತಾ ಇರೋದು ಕಾಣ್ಲಿಲ್ವಾ?" ಎಂದು ಕೇಳಿದೆ.

"ಕಾಣ್ದೆ ಏನು. ಚೆಂದಾಗಿ ಕಾಣ್ತು ಕಣಪ್ಪ" ಎಂದರು ಅತ್ತೆ. "ಜಗಲಿ ಮ್ಯಾಲೆ ಕುಂತಿರಕ್ಕಾಗ್ದೆ ಮಧ್ಯಾಹ್ನದಿಂದ ಇಲ್ಲೇ ನಿಂತಿವ್ನಿ. ಆಗ್ಲೆ ಒಂದು ಕಾರು ಲೈಟ್ ಹಾಕ್ಕಂಡು ಬಂತು. ಕೈಕಾಲು ಬಿದ್ದೋದ್ವು, ಮರ ಹಿಡ್ಕಂಡು ನಿಂತ್ಕಂಡೆ. ಅದು ಯಾರೋ ರೆಸಾರ್ಟ್‌ಗೆ ಓಗೋರ್ದು. ಆಮ್ಯಾಕೆ ನಿಂದು ಬಂತು. ಲೈಟಿಲ್ದೆ ಬತ್ತಿತ್ತಲ್ಲ. ಅವ್ರು ಬದುಕವ್ರೆ ಅಂತ ಗೊತ್ತಾತು. ಅದ್ಕೇ ಅಡ್ಡ ಬಂದೆ."

ಅಡ್ಡ ಬಂದದ್ದು ಕಾರು ಕಾಣದೆ ಅಲ್ಲ, ದೀಪ ಕಾಣದೆ. ಕಾಣದ ದೀಪದಲ್ಲಿ ಆಕೆ ತನ್ನ ಗಂಡನ ಜೀವವನ್ನು ಅಷ್ಟು ದೂರದಿಂದ ನೋಡಿ, ಆ ಸಂತೋಷಕ್ಕೆ ಮಂಡಿನೋವನ್ನೂ ಕೆಸರನ್ನೂ ನನ್ನ ಬ್ರೇಕಿನ ಯೋಗ್ಯತೆಯನ್ನೂ ಮರೆತು ರಸ್ತೆಗೆ ಇಳಿದಿದ್ದರು. ಅತ್ತೆ ಮಾವನ ಕಾಲನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡು ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡ ಮೇಲೆ, ತೀರಾ ಸಾಮಾನ್ಯವಾದ ದನಿಯಲ್ಲಿ, "ಈಗ ಹಾಕಪ್ಪ ಲೈಟ. ಈ ಮಳೇಲಿ ದನ ಗಿನ ಅಡ್ಡ ಬಂದಾತು" ಎಂದರು. ಹಾಕಿದೆ. ಊರು ಹೊಗುತ್ತಲೇ ಮೊದಲನೆಯ ಮನೆಯ ಹೆಂಗಸೊಬ್ಬರು ದೀಪ ಕಂಡು ಬಾಯಿಗೆ ಸೆರಗು ಹಿಡಿದು ರಾಗ ತೆಗೆದೇಬಿಟ್ಟರು. ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅಳಬ್ಯಾಡ ಕಣೇ, ಅವ್ರೇ ಬತ್ತಾವ್ರೆ" ಎಂದರು. ರಾಗ ಅರ್ಧಕ್ಕೆ ನಿಂತಿತು.

ಆ ದಿನದಿಂದ ನನ್ನ ಸಿದ್ಧಾಂತಕ್ಕೆ ನಿದ್ದೆಯಿಲ್ಲ. ದೀಪ ಹಾಕಿಕೊಂಡೇ ಬಂದಿದ್ದರೆ ಅತ್ತೆ ರಸ್ತೆಗೆ ಇಳಿಯುತ್ತಿರಲಿಲ್ಲ, ಮರವನ್ನು ಹಿಡಿದುಕೊಂಡೇ ನಿಂತಿರುತ್ತಿದ್ದರು; ಆದರೆ ಅವರ ಎದೆ ಎರಡನೆಯ ದೀಪವನ್ನು ತಡೆಯುತ್ತಿತ್ತೋ ಇಲ್ಲವೋ. ಆರಿಸಿಕೊಂಡು ಬಂದದ್ದರಿಂದ ಅವರ ಎದೆ ಉಳಿಯಿತು. ಆದರೆ ಕೆಸರು ಇನ್ನೊಂದಿಷ್ಟು ನುಣ್ಣಗಿದ್ದಿದ್ದರೆ? ಎರಡನ್ನೂ ತೂಗಿ ನೋಡುತ್ತ ಇಡೀ ಮಳೆಗಾಲ ಕಳೆದೆ, ತಕ್ಕಡಿ ಒಂದು ಕಡೆಗೆ ನಿಲ್ಲಲಿಲ್ಲ. ನಾನು ಮಳೆಯಲ್ಲಿ ಕಾಣಿಸಿಕೊಳ್ಳಬೇಕು ಎಂದಷ್ಟೇ ಯೋಚಿಸಿದ್ದೆ, ಏನಾಗಿ ಕಾಣಿಸುತ್ತೇನೆ ಎಂದು ಯೋಚಿಸಿರಲಿಲ್ಲ. ದೀಪ ನನ್ನ ಗಾಡಿಯದಾದರೂ ಅದರ ಅರ್ಥ ಎದುರಿಗೆ ನಿಂತವರ ಕಣ್ಣಿನಲ್ಲಿರುತ್ತದೆ; ಆ ಕಣ್ಣು ಏನನ್ನು ಕಾಯುತ್ತಿದೆಯೆಂದು ಓಡಿಸುವವನಿಗೆ ತಿಳಿಯುವುದಿಲ್ಲ. ಇಷ್ಟು ಬರೆದ ಮೇಲೂ, ಮೋಡ ಮುಸುಕಿದ ದಿನ ಕಾರು ಹತ್ತಿದರೆ ನನ್ನ ಬಲಗೈ ಸ್ವಿಚ್ಚಿನ ಹತ್ತಿರ ಹೋಗಿ ಸುಮ್ಮನೆ ಸುಳಿದಾಡುತ್ತದೆ.

ಅದಾದ ಮೇಲಿನ ಇನ್ನೊಂದು ಪ್ರಯಾಣದ ಮಾತನ್ನೂ ಹೇಳಿ ಮುಗಿಸುತ್ತೇನೆ. ಡಾಕ್ಟರು ಮತ್ತೊಮ್ಮೆ ಬಂದು ತೋರಿಸಿ ಎಂದಿದ್ದರಿಂದ ಮಾವನನ್ನು ಮೈಸೂರಿಗೆ ಕರೆದುಕೊಂಡು ಹೋಗಿದ್ದೆ. ಎದೆ ಶುಭ್ರವಾಗಿದೆ ಎಂದರು. ಹಿಂದಿರುಗುವಾಗ ಮತ್ತೆ ಅದೇ ಮಳೆ. ಈ ಸಲ ಮಾವ ಹಿಂದೆ ಮಲಗಲು ಒಪ್ಪದೆ ಮುಂದಿನ ಸೀಟಿನಲ್ಲಿ ನನ್ನ ಎಡಕ್ಕೆ ನೆಟ್ಟಗೆ ಕೂತಿದ್ದರು. ನನ್ನ ಕೈ ಸ್ವಿಚ್ಚಿಗೆ ಹೋಗಿ, ಹಿಂದೆ ಬಂದು, ಮತ್ತೆ ಹೋಗುವುದನ್ನು ಸ್ವಲ್ಪ ಹೊತ್ತು ನೋಡಿ, "ಹಾಕ್ಲಾ. ನಾನು ಮುಂದ್ಗಡೆ ಕುಂತಿಲ್ವಾ" ಎಂದರು. ಹಾಕಿದೆ.

ಹ್ಯಾಂಡ್‌ಪೋಸ್ಟು ದಾಟಿದ ಮೇಲೆ ಎಡಕ್ಕೆ ಆ ತಂಗುದಾಣ. ಅಂದಿನವರೋ ಬೇರೆಯವರೋ, ಕೆಲವು ಗಂಡಸರು ಕುಕ್ಕರಗಾಲಿನಲ್ಲಿ ಕೂತಿದ್ದರು. ದೀಪ ಕಂಡಿತು. ಒಬ್ಬರಾದ ಮೇಲೊಬ್ಬರು ಏಳತೊಡಗಿದರು; ಒಬ್ಬರ ಕೈ ತಲೆಯ ಟವಲಿಗೆ ಹೋಯಿತು. ಮಾವ ತಮ್ಮ ಪಕ್ಕದ ಗಾಜನ್ನು ಪೂರ್ತಿ ಇಳಿಸಿದರು. ಮಳೆಯೆಲ್ಲ ಒಳಗೆ ನುಗ್ಗಿತು. ಅವರು ತೋಳನ್ನು ಮಳೆಗೆ ಚಾಚಿ, ಎತ್ತಿ, ಐದೂ ಬೆರಳುಗಳನ್ನು ಕೂಡಿಸಿ ಅರಳಿಸಿದರು, ಮತ್ತೆ ಕೂಡಿಸಿ ಮತ್ತೆ ಅರಳಿಸಿದರು. ಎದ್ದವರು ಎದ್ದ ಹಾಗೇ ನಿಂತು ನೋಡಿದರು. ಟವಲಿಗೆ ಕೈ ಹಾಕಿದ್ದವರು ಅದನ್ನು ಮತ್ತೆ ತಲೆಗೆ ಬಿಗಿದುಕೊಂಡು ನಗುತ್ತ ಕೂತರು.

ತಂಗುದಾಣ ಹಿಂದೆ ಉಳಿದರೂ ಮಾವ ಗಾಜು ಏರಿಸಲಿಲ್ಲ. ಅಂಗಿಯ ತೋಳು ಪೂರ್ತಿ ನೆನೆದಿತ್ತು. ಅತ್ತೆ ನೋಡಿದರೆ ಇಬ್ಬರಿಗೂ ಸಹಸ್ರನಾಮ ಖಚಿತವಾಗಿತ್ತು. ಎದುರಿನಿಂದ ಒಬ್ಬ ಬೈಕಿನವನು ಬಂದ, ಹ್ಯಾಂಡಲಿನಿಂದ ಕೈ ಬಿಡಿಸಿ ನಮ್ಮ ಕಡೆ ಬೆರಳು ಅರಳಿಸಿದ. ಮಾವ ಕೂಡಲೇ ಮುಂದಿನ ಗಾಜಿನ ಈಚೆಯಿಂದ, ಉರಿಯುತ್ತಿದ್ದ ಅವನ ದೀಪಕ್ಕೆ ಬೆರಳು ಅರಳಿಸಿ ತೋರಿಸಿದರು. ನನ್ನ ಬಲಗೈ ಸ್ಟೀರಿಂಗಿನ ಮೇಲೆಯೇ ಇತ್ತು.